ಏಳನೆಯ ಖಾನೆ

ಹೆಸರು, ಊರು, ಹುಟ್ಟಿದ ವರ್ಷ,
ತಾಯಿಯ ತವರು, ತಂದೆಯ ಕಸುಬು, ಮನೆಯಲ್ಲಿ ಎಷ್ಟು ಮಂದಿ:
ಆರು ಖಾನೆ ಸರಾಗ ತುಂಬಿದವು.
ಏಳನೆಯದರ ಮೇಲೆ ವೆಂಡೆಲಿನ್‌ನ ಪೆನ್ನು ನಿಂತಿತು.
ನೀವು ಆಡುವ ಭಾಷೆ?

ಯೂಜೆನೀ ಬಾಮ್ಲಿನ್ ಆಲೂಗಡ್ಡೆ ಹೆರೆಯುತ್ತಿದ್ದಳು.
ಸಿಪ್ಪೆ ಒಂದೇ ಎಳೆಯಾಗಿ ಮಡಿಲಿಗೆ ಇಳಿಯುತ್ತಿತ್ತು.
'ಭಾಷೆ ಎಲ್ಲಿಂದ ಬಂತು? ಮಾತಾಡ್ತೀವಿ, ಅಷ್ಟೆ.'

ಅವನು ನದಿಯಾಚೆಯವನು. ರೈನ್ ದಾಟಿ
ಸುಂಡ್‌ಗಾವಿನ ಮೀನುಕೆರೆಗಳ ಏರಿಯ ಮೇಲೆ
ಸೈಕಲ್ಲು ತುಳಿದು ಬಂದವನು,
ಚೀಲದಲ್ಲಿ ರೆಕಾರ್ಡರು, ಇನ್ನೂರ ಹತ್ತು ಪ್ರಶ್ನೆ.
ನೆರವಾಗಲೆಂದು ಹೇಳಿಕೊಟ್ಟ:
'ಪುಸ್ತಕದಲ್ಲಿ ಇದಕ್ಕೆ ಅಲೆಮಾನಿಕ್ ಅನ್ನುತ್ತೇವೆ.'

ಸಿಪ್ಪೆ ಕಡಿಯಿತು.

'ಅಲ್‌ಮಾಂ? ಈ ಅಡುಗೆಮನೆಯಲ್ಲಿ ಆ ಪದ ಬೇಡ.'

ಆರು ವರ್ಷಕ್ಕೆ ಶಾಲೆಗೆ ಸೇರಿದಾಗ ಅವಳು ಯೂಜೆನೀ.
ಒಂಬತ್ತಕ್ಕೆ ಹೊಸ ಮಾಸ್ತರು, ಹೊಸ ಬಾವುಟ,
ಅದೇ ಬೆಂಚಿನ ಮೇಲೆ ಅವಳು ಒಯ್‌ಗೇನಿಯೆ,
'ಬೋಂಜೂರ್' ಎಂದವರ ಅಂಗೈಗೆ ಬೆತ್ತ.
ಹದಿನಾಲ್ಕಕ್ಕೆ ಮತ್ತೆ ಯೂಜೆನೀ,
ಈಗ ಬೆತ್ತ ಬಾಯಿತಪ್ಪಿ ಬಂದ ಮನೆಮಾತಿಗೆ.
ಪ್ಯಾಟೆಯ ಬಟ್ಟೆಯಂಗಡಿಯವಳು ಗಜ ಅಳೆಯುತ್ತಲೇ ಉಗಿದಿದ್ದಳು:
ಅಲ್‌ಮಾಂದ್!
ಅಣ್ಣನನ್ನು ಬಲವಂತದ ಸಮವಸ್ತ್ರ ತೊಡಿಸಿ
ರಷ್ಯಾದ ಹಿಮಕ್ಕೆ ಅಟ್ಟಿ ಎರಡು ವರ್ಷವೂ ಆಗಿರಲಿಲ್ಲ.
ಮನೆಯಲ್ಲಿ ಮಾತ್ರ ಮೊದಲಿನಿಂದ ಕೊನೆತನಕ
ಅವಳು ಷೆನ್ನಿ.

ವೆಂಡೆಲಿನ್ ತಡವರಿಸಿದ.
ಅದು ಬೇರೆ, ಇದು ಬೇರೆ ಎಂದ. ಆಮೇಲೆ, ಇಲ್ಲ, ಅದೇ ಎಂದ.
ಬಹಳ ಹಿಂದೆ ಈ ನದಿಯ ದಂಡೆಗೆ ಒಂದು ಬುಡಕಟ್ಟು ಬಂತು,
ಪಶ್ಚಿಮದವರು ಮೊದಲು ಕಂಡದ್ದು ಅವರನ್ನೇ,
ಹಿತ್ತಿಲಾಚೆಯ ಒಬ್ಬನ ಹೆಸರನ್ನು
ಇಡೀ ಊರಿಗೇ ಕಟ್ಟಿದ ಹಾಗೆ
ಆಚೆಯವರೆಲ್ಲ ಅಲ್‌ಮಾಂ ಆದರು.
ನಾವು ಓದಿದವರು ಆ ಹೆಸರನ್ನು ಊರಿಂದ ಬಿಡಿಸಿ ತಂದು
ಒಂದಿಷ್ಟು ಮಾತುಗಳಿಗೆ ಇಟ್ಟಿದ್ದೇವೆ:
ಬಾಸೆಲ್‌ನ ಮೀನಿನವಳದು, ಕಪ್ಪುಕಾಡಿನ ಗಡಿಯಾರದವನದು,
ಫೋರಾರ್ಲ್‌ಬೆರ್ಗಿನ ದನಗಾಹಿಯದು, ಇಟಲಿಯ ಕಡೆಯ ಇಳಿಜಾರಿನಲ್ಲಿ
ಹಿಮದ ಕೆಳಗೆ ಉಳಿದುಕೊಂಡ ನಾಲ್ಕಾರು ಮನೆಗಳದು, ನಿಮ್ಮದು.

'ಅವರು ಯಾರಾದರೂ ಹಾಗನ್ನುತ್ತಾರಾ?'

'ನಮ್ಮ ಕಡೆ ಕೆಲವರು ಕಾರಿನ ಹಿಂದೆ ಅಂಟಿಸಿಕೊಳ್ಳುತ್ತಾರೆ.'

ಅವಳು ನಕ್ಕಳೋ ಕೆಮ್ಮಿದಳೋ. ಅರ್ಥ ಏನಂತೆ?
'ಎಲ್ಲ ಮಂದಿ, ಅಂತ ಕೆಲವರ ಊಹೆ.'
'ಎಲ್ಲ ಮಂದಿ ಅಂದರೆ ಯಾರೂ ಅಲ್ಲ.
ಇದು ಎಲ್ಸಾಸ್ಸಿನ ಮಾತು. ಅದೂ ಈ ಹಳ್ಳಿಯದು.
ಕೆಳಗಿನ ಹಳ್ಳಿಯವರು ಬೇರೆ ಥರ ಎಳೀತಾರೆ.'

(ನನ್ನ ಕಿವಿಗೆ ಅದು ಅಲೆಮಾರಿ ಎಂದೇ ಕೇಳುತ್ತದೆ.
ತಪ್ಪು. ಆದರೂ ಕೇಳುತ್ತದೆ.)

ಪ್ರಶ್ನೆ ಮೂವತ್ತೊಂದು: ಬುಟ್ಟಿಯಲ್ಲಿರುವುದಕ್ಕೆ ಏನನ್ನುತ್ತೀರಿ?
'ಹಾರ್ಡ್‌ಎಪ್ಫೆಲ್.' ನೆಲದ ಸೇಬು.
ಮತ್ತೆ ಚಾಕುವಿನ ತುದಿ ಅವನ ಕಡೆ: 'ನಿನ್ನಜ್ಜಿ ಏನನ್ನುತ್ತಿದ್ದಳು?'
ಶಾಲೆಯ ಜರ್ಮನ್ ಪದವೇ ಬಾಯಿಗೆ ಬಂತು. ಅವಳು ಕಾದಳು.
ಒಲೆಯ ಮೇಲಿನ ನೀರು ಸದ್ದು ಮಾಡಿತು.
'ಗ್ರುಂಬೀರೆ,' ಎಂದ, ಯಾರದೋ ಜೇಬಿನಿಂದ ತೆಗೆದಂತೆ.
ನೆಲದ ಪೇರ್‌ಹಣ್ಣು.
'ನೋಡು, ಹಣ್ಣೇ ಬೇರೆ,' ಎಂದಳು. ಅವನಿಗೂ ಒಂದು ಚಾಕು ಕೊಟ್ಟಳು.

ಪ್ರಶ್ನೆ ನೂರ ನಲವತ್ತಮೂರು: 'ನಾನು ಅಲ್ಲಿದ್ದೆ' ಎನ್ನಿ.
'ಇ ಬೀ ಡೆರ್ಟ್ ಗ್ಸಿ.'
ಇದ್ದೆ ಎಂದು ಕೈತೊಳೆದುಕೊಳ್ಳುವ ರೂಪ
ಈ ಮಾತಿನಲ್ಲಿ ಎಂದೋ ಉದುರಿಹೋಗಿದೆ.
ಆದದ್ದನ್ನು ಹೇಳಬೇಕಾದರೂ 'ಇದ್ದೇನೆ'ಯಿಂದಲೇ ಹೊರಡಬೇಕು.
ಬೆತ್ತದ ಬಗ್ಗೆ, ಅಣ್ಣನ ಬಗ್ಗೆ ಅವಳು ಹೇಳಿದ್ದೆಲ್ಲ
ಹಾಗೇ ಹೇಳಿದ್ದಳು. ರಾತ್ರಿ
ಹೆಡ್‌ಫೋನಿನಲ್ಲಿ ಕೇಳುವಾಗ ಅವನಿಗೆ ಹೊಳೆಯಿತು.

ಏಳನೆಯ ಖಾನೆ ಖಾಲಿಯೇ ಬಿಟ್ಟ.
ಕಂಪ್ಯೂಟರು ಖಾಲಿಯನ್ನು ಒಪ್ಪಲಿಲ್ಲ. ಕಚೇರಿಯಲ್ಲಿ ಯಾರೋ
ಪಟ್ಟಿಯಿಂದ ಆರಿಸಿ ತುಂಬಿದರು.
ನಕ್ಷೆಯಲ್ಲಿ ಈಗ ಅಲ್ಲೊಂದು ಹಸಿರು ಚುಕ್ಕೆ.

ಅವನ ಸೈಕಲ್ಲಿನ ಬುಟ್ಟಿಯಲ್ಲಿ ಅವಳು ಹಾಕಿಕೊಟ್ಟ
ಎರಡು ಕಿಲೋ. ದೋಣಿಯವನು ಕೇಳಿದ, ಏನದು?
ವೆಂಡೆಲಿನ್ ಬಾಯಿ ತೆರೆದ.
ನೀರು ಇನ್ನೂ ಅರ್ಧ ಉಳಿದಿತ್ತು.